ಮರದ ಸಕ್ಕರೆ ಅಚ್ಚು: ಕೊಳ್ಳುವ ಮುಂಚೆ ಎರಡು ಹೋಳು ಕೂಡಿಸಿ ನೋಡಿ

ಸಂಕ್ರಾಂತಿ ಇನ್ನೂ ಎರಡು ವಾರ ಇದೆ ಎನ್ನುವಾಗಲೇ ಗಾಂಧಿ ಬಜಾರು, ಮಲ್ಲೇಶ್ವರ, ಮೈಸೂರಿನ ದೇವರಾಜ ಮಾರುಕಟ್ಟೆ ಕಡೆ ಸಕ್ಕರೆ ಅಚ್ಚಿನ ಪೊಟ್ಟಣಗಳು ಕಣ್ಣಿಗೆ ಬೀಳತೊಡಗುತ್ತವೆ. ಅವನ್ನೇ ತಂದು ಎಳ್ಳು-ಬೆಲ್ಲದ ಜೊತೆ ಬೀರಿದರೂ ಹಬ್ಬ ಹಬ್ಬವೇ. ಆದರೆ ಮನೆಯಲ್ಲಿ ಹಾಕಿದ ಅಚ್ಚು ಹಲ್ಲಿಗೆ ತಾಗಿದೊಡನೆ ಪುಡಿಯಾಗಿ ನಾಲಗೆ ಮೇಲೆ ಕರಗುತ್ತದೆ. ತಂದದ್ದು ಎಷ್ಟೋ ಸಲ ಕಲ್ಲುಸಕ್ಕರೆಯ ಹಾಗೆ ಕಚ್ಚಬೇಕಾಗುತ್ತದೆ. ಮನೆಯಲ್ಲಿ ಹಾಕಬೇಕೆಂದರೆ ಮೊದಲು ಬೇಕಾದದ್ದು ಮರದ ಅಚ್ಚು. ಗ್ರಂದಿಗೆ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಸಿಗುವ, ಎರಡು ಹೋಳಿನ ಜೋಡಿ ಅಚ್ಚಿನ ವಿಮರ್ಶೆ ಇದು. ಪಕ್ಕದಲ್ಲಿ ಹೋಲಿಕೆಗೆ ಈಗ ಚಾಲ್ತಿಗೆ ಬಂದಿರುವ ಸಿಲಿಕೋನ್ ಅಚ್ಚು.

ಮರದ ಅಚ್ಚು ಒಂದು ಉದ್ದನೆಯ ಪಟ್ಟಿಯ ಹಾಗಿರುತ್ತದೆ. ಒಂದೊಂದು ಪಟ್ಟಿಯಲ್ಲಿ ಸಾಲಾಗಿ ಗೋಪುರ, ಆನೆ, ಗಿಳಿ, ಮೀನು, ಬಸವ, ತುಳಸಿ ಕಟ್ಟೆ, ಕಳಶ. ಬೊಂಬೆಯ ಅರ್ಧ ಒಂದು ಹೋಳಿನಲ್ಲಿ, ಇನ್ನರ್ಧ ಇನ್ನೊಂದರಲ್ಲಿ. ಒಂದರ ಸಣ್ಣ ಗೂಟಗಳು ಇನ್ನೊಂದರ ತೂತಿಗೆ ಕೂರುತ್ತವೆ. ಕೂಡಿಸಿ ದಾರ ಅಥವಾ ರಬ್ಬರ್ ಬ್ಯಾಂಡ್ ಬಿಗಿದರೆ ಬೊಂಬೆಯ ಪಾದದ ಕಡೆ ಬಾಯಿ ತೆರೆದಿರುತ್ತದೆ, ಪಾಕ ಹೊಯ್ಯುವುದು ಅಲ್ಲಿಂದ.

ಅಂಗಡಿಯಲ್ಲಿ ಎಲ್ಲರೂ ಮೊದಲು ನೋಡುವುದು ಕೆತ್ತನೆಯನ್ನು. ಆನೆಯ ಕಣ್ಣು, ಗಿಳಿಯ ರೆಕ್ಕೆಯ ಗೆರೆ ಚೆನ್ನಾಗಿದ್ದರೆ ತೆಗೆದುಕೊಂಡುಬಿಡುತ್ತಾರೆ. ಆದರೆ ಅಚ್ಚಿನ ಯೋಗ್ಯತೆ ತಿಳಿಯುವುದು ಎರಡು ಹೋಳು ಕೂಡುವ ಅಂಚಿನಲ್ಲಿ. ಕೂಡಿಸಿ, ಕೈಯಲ್ಲಿ ಅದುಮಿ, ಬೆಳಕಿಗೆ ಹಿಡಿಯಿರಿ. ಸಂದಿನಲ್ಲಿ ಬೆಳಕಿನ ಗೆರೆ ಕಂಡರೆ ಅಲ್ಲಿಂದ ಪಾಕ ಸೋರುತ್ತದೆ. ಸೋರಿದ್ದು ಬೊಂಬೆಯ ಎರಡೂ ಪಕ್ಕಕ್ಕೆ ಹಾಳೆಯಂತೆ ಅಂಟಿಕೊಂಡು ಬರುತ್ತದೆ, ಅದನ್ನು ಮುರಿಯುವಾಗ ಗಿಳಿಯ ಕೊಕ್ಕೂ ಜೊತೆಗೆ ಬರುತ್ತದೆ. ಕೂದಲೆಳೆಯಷ್ಟು ಸಂದಿದ್ದರೆ ಚಿಂತೆಯಿಲ್ಲ, ನೆನೆಸಿದಾಗ ಮರ ಉಬ್ಬಿ ಮುಚ್ಚಿಕೊಳ್ಳುತ್ತದೆ. ಪೋಸ್ಟ್ ಕಾರ್ಡಿನ ಮೂಲೆ ಒಳಗೆ ಹೋಗುವಷ್ಟು ಸಂದಿದ್ದರೆ ಆ ಜೋಡಿ ಬೇಡ. ಆಮೇಲೆ ಗೂಟಗಳನ್ನು ಅಲುಗಾಡಿಸಿ ನೋಡಿ. ಸಡಿಲವಾಗಿದ್ದರೆ ಎರಡು ಅರ್ಧಗಳು ಮೇಲೆ ಕೆಳಗೆ ಜಾರಿ, ಆನೆಗೆ ಒಂದು ಕಿವಿ ಮೇಲೆ ಒಂದು ಕಿವಿ ಕೆಳಗೆ ಆಗುತ್ತದೆ.

ಕೆತ್ತನೆ ನೋಡುವುದಕ್ಕೂ ಒಂದು ಸರಿಯಾದ ದಾರಿ ಇದೆ. ನಿಂಬೆ ಗಾತ್ರದ ಗಟ್ಟಿ ಚಪಾತಿ ಹಿಟ್ಟಿನ ಉಂಡೆ ತೆಗೆದುಕೊಂಡು ಹೋಗಿ, ಅಂಗಡಿಯವರನ್ನು ಕೇಳಿ, ಒಂದು ಬೊಂಬೆಯ ಕುಳಿಗೆ ಒತ್ತಿ ಮೆಲ್ಲಗೆ ಎಳೆಯಿರಿ. ಹಿಟ್ಟು ಪೂರ್ತಿ ಎದ್ದು ಬಂದರೆ ಸಕ್ಕರೆಯೂ ಬರುತ್ತದೆ. ಸೊಂಡಿಲಿನ ಹತ್ತಿರವೋ ಕುತ್ತಿಗೆಯ ಹತ್ತಿರವೋ ಹಿಟ್ಟು ಹರಿದು ಉಳಿದರೆ ಆ ಜಾಗದಲ್ಲಿ ಉಳಿ ಒಳಮುಖವಾಗಿ ಕೊರೆದಿದೆ ಎಂದರ್ಥ. ಕುಳಿಯ ಗೋಡೆ ಹೊರಗೆ ಅಗಲವಾಗುತ್ತ ಬರಬೇಕು. ಒಳಗೆ ಅಗಲ, ಬಾಯಲ್ಲಿ ಕಿರಿದು ಇದ್ದರೆ ನೀವು ಎಷ್ಟೇ ನೆನೆಸಿ, ಎಷ್ಟೇ ಕಾಯಿರಿ, ಸೊಂಡಿಲು ಅಚ್ಚಿನಲ್ಲೇ ಉಳಿಯುತ್ತದೆ. ಆನ್‌ಲೈನಿನಲ್ಲಿ ಈ ಪರೀಕ್ಷೆ ಸಾಧ್ಯವಿಲ್ಲ. ಅಲ್ಲಿ ಹಾಕುವ ಚಿತ್ರಗಳೆಲ್ಲ ಕೆತ್ತನೆಯ ಮುಖದ್ದೇ, ಕೂಡಿಸಿದಾಗಿನ ಅಂಚಿನದು ಇರುವುದು ಅಪರೂಪ. ಆ ಚಿತ್ರ ಕೇಳಿ ತರಿಸಿಕೊಳ್ಳಿ, ವಾಪಸು ಕಳಿಸುವ ಅವಕಾಶ ಇದೆಯೇ ನೋಡಿಕೊಳ್ಳಿ.

ಮರ ತೇಗವಾಗಿದ್ದರೆ ಒಳ್ಳೆಯದು. ವರ್ಷಕ್ಕೊಮ್ಮೆ ನೀರಲ್ಲಿ ಮುಳುಗಿ ಮತ್ತೆ ಒಣಗಿದರೂ ಅದು ಹೆಚ್ಚು ಸೊಟ್ಟಗಾಗುವುದಿಲ್ಲ. ಹಗುರವಾದ ಅಗ್ಗದ ಮರ ಎರಡು ಮೂರು ಹಬ್ಬಕ್ಕೆ ಬಾಗಿ, ಮೊದಲು ಸರಿಯಿದ್ದ ಅಂಚೂ ಬಾಯಿ ಬಿಡುತ್ತದೆ. ಹೊಳೆಯುವ ಪಾಲಿಶ್ ಹಾಕಿದ್ದನ್ನು ಮಾತ್ರ ಮುಟ್ಟಬೇಡಿ. ನೂರು ಡಿಗ್ರಿಗಿಂತ ಬಿಸಿಯಾದ ಪಾಕ ಅದರ ಮೇಲೆ ಬೀಳುತ್ತದೆ, ಪಾಲಿಶ್ಸಿನ ವಾಸನೆ ಸಕ್ಕರೆಗೆ ಹತ್ತುತ್ತದೆ. ಏನೂ ಬಳಿಯದ ಮರ, ಬರಿ ಉಜ್ಜು ಕಾಗದ ಹಾಕಿದ್ದು, ಅದೇ ಬೇಕು. ಹೊಸದಾದರೆ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಆ ನೀರು ಚೆಲ್ಲಿ, ಬಿಸಿನೀರಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕುಳಿಗಳನ್ನು ಉಜ್ಜಿ. ಮೊದಲ ಸಲ ಹಾಕಿದ ಅಚ್ಚಿಗೆ ಮರದ ಬಣ್ಣ ಹತ್ತಿರುತ್ತದೆ, ಅದನ್ನು ಬೀರುವುದಕ್ಕೆ ಎಣಿಸಬೇಡಿ.

ಇನ್ನು ಕೆಲಸಕ್ಕೆ ಇಳಿದಾಗ ಅಚ್ಚು ಹೇಗೆ ನಡೆದುಕೊಳ್ಳುತ್ತದೆ? ಇಲ್ಲಿ ಅರ್ಧ ಮಾತು ಮರದ್ದು, ಅರ್ಧ ಪಾಕದ್ದು.

ಒಂದು ಕಿಲೋ ಸಕ್ಕರೆಗೆ ಸುಮಾರು ಅರ್ಧ ಲೀಟರ್ ನೀರು. ದಪ್ಪ ಹರಳಿನ ಬಿಳಿ ಸಕ್ಕರೆ ಆರಿಸಿ, ಕೊಳೆ ಕಡಿಮೆ ಇರುತ್ತದೆ. ಕರಗಿ ಕುದಿ ಬರುವಾಗ ಮೂರು ಚಮಚ ಹಾಲು ಬಿಡಿ. ಹಾಲು ಒಡೆದು ಕೊಳೆಯನ್ನು ಹಿಡಿದುಕೊಂಡು ಬೂದು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ಸೌಟಿನಿಂದ ತೆಗೆದು, ಉಳಿದದ್ದನ್ನು ಒದ್ದೆ ಮಲ್ಲು ಬಟ್ಟೆಯಲ್ಲಿ ಸೋಸಿ. ಬಿಳುಪು ಬರುವುದು ಇಲ್ಲೇ. ಸೋಸುವುದನ್ನು ಬಿಟ್ಟರೆ ಆಮೇಲೆ ಏನು ಮಾಡಿದರೂ ಅಚ್ಚು ಮಾಸಲು. ಸೋಸಿದ ಈ ತೆಳು ಪಾಕವನ್ನು ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಕಂತು ಕಂತಾಗಿ ಬಳಸಬಹುದು.

ಒಂದು ಸಲಕ್ಕೆ ಅರ್ಧ ಲೋಟಕ್ಕಿಂತ ಹೆಚ್ಚು ಪಾಕ ತೆಗೆದುಕೊಳ್ಳಬೇಡಿ. ಮೂತಿಯಿರುವ, ತಳ ದಪ್ಪಗಿರುವ ಸಣ್ಣ ಪಾತ್ರೆ ಸಾಕು. ಮಧ್ಯಮ ಉರಿಯಲ್ಲಿ ಕುದಿಸುತ್ತ, ಒಂದು ಹನಿ ತಣ್ಣೀರಿಗೆ ಬಿಟ್ಟರೆ ಕರಗದೆ ಮೆತ್ತನೆಯ ಉಂಡೆಯಾಗಬೇಕು. ಥರ್ಮಾಮೀಟರ್ ಇಡುವವರಿಗೆ ಒಂದು ಮಾತು: ಪುಸ್ತಕಗಳಲ್ಲಿ ಈ ಹದಕ್ಕೆ ಕೊಡುವ 114ರಿಂದ 116 ಡಿಗ್ರಿ ಸೆಲ್ಸಿಯಸ್ ಸಮುದ್ರ ಮಟ್ಟದ ಲೆಕ್ಕ, ಮಂಗಳೂರಿಗೆ ಸರಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ, ಪಾಕದ ಹದವೂ ಅಷ್ಟೇ ಕೆಳಗೆ, 111ರಿಂದ 113ಕ್ಕೆ ಬರುತ್ತದೆ. ಬೆಂಗಳೂರಿನ ಅಡುಗೆಮನೆಯಲ್ಲಿ 116ರವರೆಗೆ ಕಾದರೆ ಪಾಕ ಏರಿಹೋಗಿರುತ್ತದೆ, ಅಚ್ಚಿಗೆ ಬಗ್ಗಿಸುವಷ್ಟರಲ್ಲಿ ಪಾತ್ರೆಯಲ್ಲೇ ಗಟ್ಟಿ.

ಈ ಹಂತದಲ್ಲಿ ನಿಂಬೆರಸ ಒಂದು ಹನಿ, ಹೆಚ್ಚೆಂದರೆ ಎರಡು. ಹುಳಿ ಸಕ್ಕರೆಯ ಒಂದಂಶವನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ. ಸ್ವಲ್ಪ ಒಡೆದರೆ ಹರಳು ಸಣ್ಣಗಾಗಿ ಅಚ್ಚು ನುಣುಪಾಗುತ್ತದೆ, ಜಾಸ್ತಿ ಒಡೆದರೆ ಹರಳು ಕಟ್ಟುವುದೇ ಇಲ್ಲ, ಅಚ್ಚು ಸಂಜೆಯವರೆಗೆ ಇಟ್ಟರೂ ಅಂಟು. ಕೆಟ್ಟ ಅಚ್ಚನ್ನು ನೀರು ಹಾಕಿ ಮತ್ತೆ ಕಾಯಿಸಿ ಹಾಕಬಹುದು. ಆದರೆ ಮತ್ತೆ ನಿಂಬೆ ಹಿಂಡಬೇಡಿ, ಎರಡು ಸಲಕ್ಕಿಂತ ಹೆಚ್ಚು ಕಾಯಿಸಲೂಬೇಡಿ, ಕಾಯಿಸಿದಷ್ಟೂ ಸಕ್ಕರೆ ಒಡೆಯುತ್ತಲೇ ಹೋಗುತ್ತದೆ.

ಹದ ಬಂದೊಡನೆ ಪಾತ್ರೆ ಇಳಿಸಿ, ಚಮಚದ ಬೆನ್ನಿನಿಂದ ಪಾಕವನ್ನು ಪಾತ್ರೆಯ ಒಳಗೋಡೆಗೆ ತಿಕ್ಕಿ. ಮೊದಲು ಗಾಜಿನಷ್ಟು ತಿಳಿ. ಹತ್ತು ಹದಿನೈದು ಸಲ ತಿಕ್ಕುವಾಗ ಚಮಚ ಮುಟ್ಟಿದ ಕಡೆ ಹೊಗೆಯಂಥ ಒಂದು ಬಿಳಿ ಎಳೆ ಏಳುತ್ತದೆ, ಅದನ್ನು ಒಳಕ್ಕೆ ಎಳೆದು ಕಲಸಿದರೆ ಇಡೀ ಪಾಕ ನೀರು ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ. ಇನ್ನೂ ನಾಲ್ಕು ಸಲ ಕಲಸಿ. ನೀರು ದೋಸೆ ಹಿಟ್ಟಿನಷ್ಟು ಹರಿಯುವಾಗಲೇ ಬಗ್ಗಿಸಬೇಕು. ಅಲ್ಲಿಂದ ನಿಮ್ಮ ಕೈಯಲ್ಲಿ ಅರ್ಧ ನಿಮಿಷ ಇದ್ದರೆ ಹೆಚ್ಚು. ಅದಕ್ಕೇ ಅರ್ಧ ಲೋಟ ಎಂದದ್ದು, ಅದಕ್ಕೇ ಅಚ್ಚನ್ನು ಮೊದಲೇ ಕಟ್ಟಿ ಬಾಯಿ ಮೇಲೆ ಮಾಡಿ ಎದುರಿಗೆ ಇಟ್ಟಿರಬೇಕು.

ಮರವನ್ನು ಹಾಕುವ ಮುಂಚೆ ಕನಿಷ್ಠ ಎರಡು ಮೂರು ಗಂಟೆ ನೆನೆಸಲೇಬೇಕು. ಒಣ ಮರ ಪಾಕವನ್ನು ಕುಡಿದು ಬೊಂಬೆಯನ್ನು ಕಚ್ಚಿಕೊಳ್ಳುತ್ತದೆ. ನೀರು ಕುಡಿದ ಮರಕ್ಕೆ ಪಾಕ ಹಿಡಿಯಲು ಜಾಗವಿಲ್ಲ. ಆದರೆ ಕುಳಿಯಲ್ಲಿ ನೀರು ನಿಂತಿರಬಾರದು, ಜೋರಾಗಿ ಒದರಿ. ನಿಂತ ಹನಿಗಳು ಬೊಂಬೆಯ ಮೈಮೇಲೆ ಸಿಡುಬಿನ ಕಲೆಯಂತೆ ಗುಳಿ ಮಾಡುತ್ತವೆ. ಕೆಲವರು ತುಪ್ಪ, ಎಣ್ಣೆ ಸವರುತ್ತಾರೆ. ಅದು ಮರದೊಳಗೆ ಇಳಿದು ಮುಂದಿನ ವರ್ಷ ಕಮಟು ವಾಸನೆ ಕೊಡುತ್ತದೆ, ಖಂಡಿತ ಬೇಡ. ಪಾಕ ಹೊಯ್ದ ಮೇಲೆ ಅಚ್ಚನ್ನು ಎರಡು ಸಲ ಮೆಲ್ಲಗೆ ಕುಟ್ಟಿ, ಗೋಪುರದ ತುದಿಯಲ್ಲಿ ಸಿಕ್ಕಿಕೊಂಡ ಗಾಳಿ ಮೇಲೆ ಬರಲಿ. ತುದಿ ಮುರಿದ ಗೋಪುರಗಳಲ್ಲಿ ಬಹುಪಾಲು ಮುರಿದವಲ್ಲ, ತುಂಬದೇ ಉಳಿದವು.

ಸಣ್ಣ ಬೊಂಬೆಗೆ ಐದರಿಂದ ಎಂಟು ನಿಮಿಷ, ದಪ್ಪ ಗೋಪುರಕ್ಕೆ ಹದಿನೈದರ ಹತ್ತಿರ. ಬಾಯಿಯ ಬಳಿ ಉಗುರಿನಿಂದ ಒತ್ತಿ ನೋಡಿ, ಗುರುತು ಬೀಳಬಾರದು. ದಾರ ಬಿಚ್ಚಿ ಎರಡು ಹೋಳನ್ನು ಬಾಗಿಲು ತೆಗೆದ ಹಾಗೆ ಒಂದು ಕಡೆಯಿಂದ ತೆರೆದರೆ ಕುತ್ತಿಗೆ ಮುರಿಯುತ್ತದೆ. ಎರಡೂ ತುದಿ ಹಿಡಿದು ನೇರ ಎಳೆಯಬೇಕು. ಚಾಕು ತೂರಿಸಿ ಮೀಟಿದರೆ ಅಂಚು ಹಾಳು, ಅಂಚು ಹಾಳಾದರೆ ಅಚ್ಚೇ ಹಾಳು. ಮುಂದಿನ ಸುತ್ತಿಗೆ ಮುಂಚೆ ಅಚ್ಚನ್ನು ಒಂದೆರಡು ನಿಮಿಷ ತಣ್ಣೀರಲ್ಲಿ ಅದ್ದಿ, ಇಲ್ಲದಿದ್ದರೆ ಬಿಸಿ ಮರದಲ್ಲಿ ಪಾಕ ತಡವಾಗಿ ಕಟ್ಟುತ್ತದೆ. ತೆಗೆದ ಬೊಂಬೆಗಳು ಬಟ್ಟೆಯ ಮೇಲೆ ನೆರಳಲ್ಲಿ ಒಂದು ರಾತ್ರಿ ಆರಬೇಕು.

ಸಿಲಿಕೋನ್ ಅಚ್ಚಿನ ವಿಷಯಕ್ಕೆ ಬಂದರೆ, ನೆನೆಸುವ ಕೆಲಸವಿಲ್ಲ, ಸೋರುವ ಸಂದಿಲ್ಲ, ಆಹಾರಕ್ಕೆಂದೇ ಮಾಡಿದ್ದಾದರೆ ಪಾಕದ ಬಿಸಿಯನ್ನೂ ತಡೆಯುತ್ತದೆ. ಮೊದಲ ಸಲ ಹಾಕುವವರಿಗೆ ಸುಲಭ. ಆದರೆ ಅದರಲ್ಲಿ ಬರುವುದು ಬೆನ್ನು ಚಪ್ಪಟೆಯಾದ ಅರ್ಧ ಬೊಂಬೆ, ತಟ್ಟೆಯಲ್ಲಿ ನಿಲ್ಲುವುದಿಲ್ಲ, ಮಲಗುತ್ತದೆ. ಆಕಾರಗಳೂ ಗುಲಾಬಿ, ಚಿಪ್ಪು, ಹೃದಯ ಇಂಥವೇ ಹೆಚ್ಚು. ನಮ್ಮ ಬಸವ, ತುಳಸಿ ಕಟ್ಟೆ ಹುಡುಕಬೇಕು. ತೆಳು ಕುತ್ತಿಗೆಯ ಹಕ್ಕಿಯಿದ್ದರೆ ಅಚ್ಚನ್ನು ಬಗ್ಗಿಸಿ ಬಿಡಿಸುವಾಗ ತಲೆ ಕೈಗೆ ಬರುತ್ತದೆ. ಚಾಕೊಲೇಟಿಗೆ ಬಳಸುವ ತೆಳು ಪ್ಲಾಸ್ಟಿಕ್ ಅಚ್ಚಿಗಂತೂ ಈ ಪಾಕ ಹೊಯ್ಯಲೇಬಾರದು, ಸೊಟ್ಟಗಾಗಿ ಬಿಸಿ ಸಕ್ಕರೆ ಕೈಮೇಲೆ ಬೀಳುವ ಅಪಾಯವಿದೆ.

ಹಾಗಾಗಿ ಒಂದು ವರ್ಷದ ಹುಮ್ಮಸ್ಸಿಗೆ ಸಿಲಿಕೋನ್ ಸಾಕು. ಪ್ರತಿ ಸಂಕ್ರಾಂತಿಗೂ ಹಾಕುವ ಮನೆಗೆ ಮರದ್ದೇ ಸರಿ, ಅದೂ ಹತ್ತು ಬೊಂಬೆಯ ಸಡಿಲ ಅಚ್ಚಿಗಿಂತ ಐದು ಬೊಂಬೆಯ ಬಿಗಿ ಅಚ್ಚು. ಒಂದೇ ದೊಡ್ಡ ಜೋಡಿಯ ಬದಲು ಸಣ್ಣವು ಎರಡಿದ್ದರೆ ಒಂದು ಕಟ್ಟುವಾಗ ಇನ್ನೊಂದು ನೀರಲ್ಲಿ ಆರುತ್ತಿರುತ್ತದೆ. ಬೊಂಬೆಗೆ ಸರಾಸರಿ 15 ಗ್ರಾಂ ಹಿಡಿದರೆ, ಮೂವತ್ತು ಮನೆಗೆ ಎರಡೆರಡರಂತೆ 900 ಗ್ರಾಂ. ಒಡೆಯುವುದನ್ನೂ ಸೇರಿಸಿ ಒಂದೂಕಾಲು ಕಿಲೋ ಸಕ್ಕರೆ ಇಟ್ಟುಕೊಳ್ಳಿ.

ಬಣ್ಣದ ಬಗ್ಗೆ: ಬಿಳಿಯಾಗಿಯೇ ಇರಲಿ, ಅಥವಾ ಬಿಸಿ ಪಾಕಕ್ಕೆ ನಾಲ್ಕು ಎಸಳು ಕೇಸರಿ. ಕೊಂಡು ತರುವ ಕಡುಗುಲಾಬಿ ಅಚ್ಚನ್ನು ಮಕ್ಕಳ ಕೈಗೆ ಕೊಡುವ ಮುಂಚೆ ಯೋಚಿಸಿ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬೊಂಬಾಯಿ ಮಿಠಾಯಿಗೆ (ಕಾಟನ್ ಕ್ಯಾಂಡಿ) ರೋಡಮೈನ್-ಬಿ ಎಂಬ ಹಾನಿಕರ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿದ್ದು ಇಂಥದೇ ಗುಲಾಬಿ ಬಣ್ಣದ ಕಾರಣಕ್ಕೆ.

ಕೆಲಸ ಮುಗಿದ ಮೇಲೆ ಅಚ್ಚನ್ನು ಸೋಪಿಲ್ಲದೆ ಬಿಸಿನೀರಲ್ಲಿ ತೊಳೆದು, ಎರಡು ಮೂರು ದಿನ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಒಣಗಿದ ಮೇಲೆ ಎರಡು ಹೋಳು ಕೂಡಿಸಿ ದಾರ ಕಟ್ಟಿಯೇ ಎತ್ತಿಡಿ, ಬೇರೆ ಬೇರೆ ಇಟ್ಟರೆ ಒಂದೊಂದು ಒಂದೊಂದು ಕಡೆಗೆ ಬಾಗುತ್ತದೆ. ಬೀರುವ ಪೊಟ್ಟಣ ಕಟ್ಟುವಾಗ ಅಚ್ಚನ್ನು ಎಳ್ಳು-ಬೆಲ್ಲದೊಳಗೆ ಹುದುಗಿಸಬೇಡಿ. ಬೆಲ್ಲದ ಪಸೆ ಸಕ್ಕರೆಗೆ ಇಳಿದು ಮರುದಿನಕ್ಕೆ ಹಳದಿ ಕಲೆಯಾಗುತ್ತದೆ, ಕಿವಿ ಮೂಗು ಕರಗಿರುತ್ತವೆ. ಬಟರ್ ಪೇಪರಿನಲ್ಲಿ ಬೇರೆ ಸುತ್ತಿ, ಮೇಲಿಟ್ಟು ಕೊಡಿ.