ಜೀವನಚರಿತ್ರೆಯ ಪಕ್ಕದಲ್ಲಿ ಪತ್ರಾಗಾರ: ವಿವೇಕಾನಂದರನ್ನು ಓದಲು ನೆರವಾದ ಮೂರು ಡಿಜಿಟಲ್ ಸಂಗ್ರಹಗಳು

ಸ್ವಾಮಿ ವಿವೇಕಾನಂದರ ಜೀವನಚರಿತ್ರೆಯನ್ನು ಓದಿ ಬೆಳೆದವರಿಗೆ 1893ರ ಸೆಪ್ಟೆಂಬರ್ 11ರ ಷಿಕಾಗೋ ಪ್ರಸಂಗ ಹೆಚ್ಚುಕಡಿಮೆ ಬಾಯಿಪಾಠವೇ ಆಗಿರುತ್ತದೆ. ಬಾಯಿಪಾಠವಾದದ್ದನ್ನು ಮನಸ್ಸು ಮತ್ತೆ ಕಾಣುವುದಿಲ್ಲ. ಆದ್ದರಿಂದ ಈ ಸಲ ಅವರ ಅಮೆರಿಕ ಪ್ರವಾಸದ ಅಧ್ಯಾಯಗಳನ್ನು ಓದುವಾಗ ನಾನೊಂದು ನಿಯಮ ಹಾಕಿಕೊಂಡೆ: ದಿನಾಂಕವೋ ಊರೋ ವ್ಯಕ್ತಿಯ ಹೆಸರೋ ಬಂದಲ್ಲೆಲ್ಲ ಪುಸ್ತಕವನ್ನು ಬದಿಗಿಟ್ಟು, ಆ ಕಾಲದಲ್ಲೇ ಅಚ್ಚಾದ ದಾಖಲೆಯೇನಾದರೂ ಸಿಗುವುದೇ ಎಂದು ಹುಡುಕಿ ನೋಡುವುದು. ಅದಕ್ಕಾಗಿ ಬಳಸಿದ್ದು ಇಂಟರ್ನೆಟ್ ಆರ್ಕೈವ್, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ನಡೆಸುವ ಕ್ರಾನಿಕ್ಲಿಂಗ್ ಅಮೆರಿಕ, ಮತ್ತು ಕ್ಯಾಲಿಫೋರ್ನಿಯಾ ಡಿಜಿಟಲ್ ನ್ಯೂಸ್‌ಪೇಪರ್ ಕಲೆಕ್ಷನ್ ಎಂಬ ಮೂರು ಸಂಗ್ರಹಗಳನ್ನು. ಮೂರನ್ನೂ ಹಣ ಕೊಡದೆ ಓದಬಹುದು.

ಮೊದಲು ತೆರೆದದ್ದು ಇಂಟರ್ನೆಟ್ ಆರ್ಕೈವ್. ಸರ್ವಧರ್ಮ ಸಮ್ಮೇಳನದ ಸಮಿತಿಯ ಅಧ್ಯಕ್ಷರಾಗಿದ್ದ ಪಾದ್ರಿ ಜಾನ್ ಹೆನ್ರಿ ಬರೋಸ್ ಅವರು ಅದೇ 1893ರಲ್ಲಿ ಎರಡು ಸಂಪುಟಗಳಲ್ಲಿ ಹೊರತಂದ ಸಮ್ಮೇಳನದ ವರದಿ ಅಲ್ಲಿ ಪುಟಪುಟವಾಗಿ ಸ್ಕ್ಯಾನ್ ಆಗಿ ದೊರೆಯುತ್ತದೆ. ಪುಸ್ತಕದೊಳಗೇ ಪದ ಹುಡುಕುವ ಸೌಲಭ್ಯವಿರುವುದರಿಂದ ಸ್ವಾಮೀಜಿಯವರ ಹೆಸರು ಬರುವ ಪುಟಗಳಿಗೆ ನೇರವಾಗಿ ಹೋಗಬಹುದು. ಆದರೆ ಹಾಗೆ ಹೋಗಬೇಡಿ ಎಂದೇ ನಾನು ಹೇಳುತ್ತೇನೆ. ಪುಟ ತಿರುವುತ್ತಾ ಹೋದಾಗ ಸಿಂಹಳದಿಂದ ಬಂದ ಅನಾಗಾರಿಕ ಧರ್ಮಪಾಲರು, ಜೈನ ಧರ್ಮದ ಪರವಾಗಿ ಮಾತನಾಡಿದ ವೀರಚಂದ್ ಗಾಂಧಿ, ಬ್ರಹ್ಮಸಮಾಜದ ಪ್ರತಾಪಚಂದ್ರ ಮಜುಮ್‌ದಾರ್ ಎಲ್ಲರೂ ಅದೇ ವೇದಿಕೆಯ ಮೇಲೆ ಕಾಣಿಸಿಕೊಳ್ಳುತ್ತಾರೆ. ಜೀವನಚರಿತ್ರೆಯಲ್ಲಿ ಇವರು ಒಂದೊಂದು ವಾಕ್ಯದಲ್ಲಿ ಬಂದು ಮರೆಯಾಗುವವರು. ಇಲ್ಲಿ ಅವರ ಮಾತುಗಳನ್ನೂ ಓದಿದ ಮೇಲೆ, ಅವರ ನಡುವೆ ಮೂವತ್ತು ವರ್ಷದ ಒಬ್ಬ ಸಂನ್ಯಾಸಿ ಎದ್ದು ನಿಂತದ್ದರ ತೂಕ ನನಗೆ ಹೆಚ್ಚಾಗಿ ತಿಳಿಯಿತು.

ಈ ವರದಿಯ ಪಕ್ಕದಲ್ಲಿ ಸ್ವಾಮೀಜಿಯವರ ಪತ್ರಗಳನ್ನು ಇಟ್ಟುಕೊಳ್ಳಬೇಕು. ಅವರ ಸಮಗ್ರ ಕೃತಿಗಳ ಪಠ್ಯವೂ ಅಂತರ್ಜಾಲದಲ್ಲಿ ಉಚಿತವಾಗಿದೆ. 1893ರ ಆಗಸ್ಟ್ 20ರಂದು ಅವರು ಮದ್ರಾಸಿನ ಶಿಷ್ಯ ಅಳಸಿಂಗ ಪೆರುಮಾಳರಿಗೆ ಬರೆದ ಪತ್ರದಲ್ಲಿ ಧರ್ಮದ ಗೆಲುವಿನ ಮಾತಿಗಿಂತ ಲೆಕ್ಕದ ಚಿಂತೆಯೇ ಮುಂದಿದೆ: ದಿನಕ್ಕೆ ಸರಾಸರಿ ಒಂದು ಪೌಂಡ್ ಖರ್ಚಾಗುತ್ತಿದೆ, ತಂದ ಹಣ ಕರಗುತ್ತಿದೆ, ಚಳಿಗೆ ತಕ್ಕ ಬಟ್ಟೆಯಿಲ್ಲ. ನವೆಂಬರ್ 2ರ ಪತ್ರದಲ್ಲಿ ಸಮ್ಮೇಳನದ ಮೊದಲ ದಿನದ ವರ್ಣನೆ ಬರುತ್ತದೆ. ಎದೆ ನಡುಗುತ್ತಿತ್ತು, ನಾಲಿಗೆ ಒಣಗಿಹೋಗಿತ್ತು, ಬೆಳಗಿನ ಅಧಿವೇಶನದಲ್ಲಿ ಮಾತನಾಡಲು ಧೈರ್ಯವೇ ಆಗಲಿಲ್ಲ, ಉಳಿದವರೆಲ್ಲ ಭಾಷಣ ಸಿದ್ಧಪಡಿಸಿಕೊಂಡು ಬಂದಿದ್ದರೆ ತಾನು ಹಾಗೆ ಮಾಡಿರಲಿಲ್ಲ ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ಕೊನೆಗೆ ಸರಸ್ವತಿಗೆ ನಮಿಸಿ ಎದ್ದು ನಿಂತೆ ಎನ್ನುತ್ತಾರೆ. ಚಪ್ಪಾಳೆ ಎರಡು ನಿಮಿಷ ನಡೆಯಿತು ಎಂಬುದು ಅವರ ಲೆಕ್ಕ. ಬರೋಸ್ ಅವರ ವರದಿ ಅದನ್ನು ಹಲವು ನಿಮಿಷಗಳೆಂದು ಹೇಳುತ್ತದೆ. ಕೇಳಿಸಿಕೊಂಡವನಿಗಿಂತ ಮಾತನಾಡಿದವರೇ ಕಡಿಮೆ ಹೇಳಿಕೊಂಡಿದ್ದಾರೆ ಎಂಬ ಈ ಸಣ್ಣ ಅಂತರವನ್ನು ಕಂಡಾಗ ನನ್ನ ಮನಸ್ಸು ತುಂಬಿ ಬಂತು. ಎರಡು ದಾಖಲೆಗಳನ್ನು ಅಕ್ಕಪಕ್ಕದಲ್ಲಿಡದೆ ಇದು ಕಣ್ಣಿಗೆ ಬೀಳುವ ಸಂಗತಿಯಲ್ಲ.

ಕ್ರಾನಿಕ್ಲಿಂಗ್ ಅಮೆರಿಕದ ಬಳಕೆ ಬೇರೆ ಬಗೆಯದು. ಇದು ಹಳೆಯ ವೃತ್ತಪತ್ರಿಕೆಗಳ ಪುಟಗಳ ಸಂಗ್ರಹ. ರಾಜ್ಯ ಮತ್ತು ದಿನಾಂಕಗಳ ಮಿತಿ ಹಾಕಿ ಹುಡುಕಬಹುದು, ಪುಟವನ್ನು ಪಿಡಿಎಫ್ ಆಗಿ ಇಳಿಸಿಕೊಳ್ಳಬಹುದು. ಇಲ್ಲಿ ಸರಿಯಾದ ಹೆಸರನ್ನು ಟೈಪ್ ಮಾಡಿ ಕುಳಿತರೆ ಸಾಲದು. ಅಂದಿನ ಅಮೆರಿಕದ ಪತ್ರಿಕೆಗಳು ಆ ಹೆಸರನ್ನು ಎರಡಾಗಿ ಒಡೆದು ‘ವಿವೆ ಕಾನಂದ’ ಎಂದು ಬರೆದವು, ‘ಕಾನಂದ’ ಎಂಬುದನ್ನೇ ಮನೆತನದ ಹೆಸರೆಂದು ಭಾವಿಸಿ ಬರೀ ಅಷ್ಟನ್ನೇ ಅಚ್ಚು ಹಾಕಿದ್ದೂ ಉಂಟು. ಈ ತಪ್ಪು ರೂಪಗಳೇ ಹುಡುಕಾಟದ ಕೀಲಿಕೈ. ಹೆಸರಿನ ಬದಲು ‘ಹಿಂದೂ ಸಂನ್ಯಾಸಿ’ ಎಂಬರ್ಥದ ಇಂಗ್ಲಿಷ್ ಪದಗಳನ್ನು ಕೊಟ್ಟು, 1893ರ ಸೆಪ್ಟೆಂಬರ್‌ನಿಂದ 1894ರ ಕೊನೆಯವರೆಗೆ ಎಂದು ಮಿತಿ ಹಾಕುವುದೂ ಫಲ ಕೊಡುವ ದಾರಿ. ಸಿಕ್ಕಿದ ಸುದ್ದಿಯನ್ನಷ್ಟೇ ಕತ್ತರಿಸಿಕೊಳ್ಳದೆ ಇಡೀ ಪುಟವನ್ನು ನೋಡಬೇಕು. ಧಾನ್ಯದ ಧಾರಣೆ, ರೈಲಿನ ವೇಳೆ, ಔಷಧಿಯ ಜಾಹೀರಾತುಗಳ ನಡುವೆ ಆ ಹೆಸರು ಒಂದು ಮೂಲೆಯಲ್ಲಿರುವುದನ್ನು ಕಂಡಾಗ, ಅಪರಿಚಿತ ದೇಶದಲ್ಲಿ ಅವರು ಎಷ್ಟು ಒಂಟಿಯಾಗಿ ಮಾತನಾಡಬೇಕಾಯಿತು ಎಂಬುದು ಅರಿವಿಗೆ ಬರುತ್ತದೆ. ಎಲ್ಲ ಪತ್ರಿಕೆಗಳೂ ಇಲ್ಲಿಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು. ಹುಡುಕಿದಾಗ ಸಿಗಲಿಲ್ಲವೆಂದರೆ ಸುದ್ದಿಯೇ ಬಂದಿರಲಿಲ್ಲ ಎಂದು ತೀರ್ಮಾನಿಸುವಂತಿಲ್ಲ.

ಕೊರತೆಗಳನ್ನೂ ಹೇಳಲೇಬೇಕು. ಚಿತ್ರವನ್ನು ಅಕ್ಷರವಾಗಿಸುವ ಒಸಿಆರ್ ತಂತ್ರ ಮಸುಕಾದ ಹಳೆಯ ಮುದ್ರಣದಲ್ಲಿ ಎಡವುತ್ತದೆ. ಸಾಲಿನ ತುದಿಯಲ್ಲಿ ಒಡೆದ ಪದ ಹುಡುಕಾಟಕ್ಕೆ ಸಿಗದೇ ಹೋಗಬಹುದು. ನಾನು ನೋಡಿದ ಇನ್ನೊಂದು ಸಂಗ್ರಹದಲ್ಲಿ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಿದ್ದರೂ ಪುಟಗಳು ಹಿಂದುಮುಂದಾಗಿದ್ದವು, ಒತ್ತಕ್ಷರಗಳೆಲ್ಲ ಕಲಸಿಹೋಗಿ ಒಂದು ಹೆಸರನ್ನೂ ಹುಡುಕಲಾಗಲಿಲ್ಲ. ಕನ್ನಡದ ಓದುಗನಾಗಿ ನನಗೆ ಅತ್ಯಂತ ನೋವಾದದ್ದು ಇದೇ. ಯಾರು ಬೇಕಾದರೂ ಕಡತ ಸೇರಿಸಬಹುದಾದ ತಾಣಗಳಲ್ಲಿ ಶೀರ್ಷಿಕೆಯನ್ನು ನಂಬಿ ಮೋಸಹೋಗುವ ಅಪಾಯವೂ ಇದೆ. ಷಿಕಾಗೋ ಭಾಷಣದ ‘ಮೂಲ ಧ್ವನಿ’ ಎಂದು ಹರಿದಾಡುವ ಧ್ವನಿಮುದ್ರಣ ಸ್ವಾಮೀಜಿಯವರದಲ್ಲ. ಕಡತವನ್ನು ಯಾರು, ಯಾವ ಗ್ರಂಥಾಲಯದ ಪ್ರತಿಯಿಂದ ಸೇರಿಸಿದರು ಎಂಬ ವಿವರವನ್ನು ಮೊದಲು ನೋಡುವುದು ಒಳ್ಳೆಯ ಅಭ್ಯಾಸ.

ಕನ್ನಡನಾಡಿಗೆ ಹತ್ತಿರದ ಒಂದು ಉದಾಹರಣೆಯನ್ನು ಬಿಡಲಾರೆ. 1894ರ ಜೂನ್ 23ರಂದು ಷಿಕಾಗೋದಿಂದ ಸ್ವಾಮೀಜಿ ಮೈಸೂರಿನ ಮಹಾರಾಜರಿಗೆ ಪತ್ರ ಬರೆದು, ಬಡವರಿಗೆ ವಿದ್ಯೆ ಕೊಡುವ ಬಗ್ಗೆ ಮಾತನಾಡುತ್ತಾರೆ. ಹತ್ತನೆಯ ಚಾಮರಾಜ ಒಡೆಯರು ಅದೇ ವರ್ಷ ಡಿಸೆಂಬರ್ 28ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು. ಈ ಎರಡು ದಿನಾಂಕಗಳನ್ನು ಒಟ್ಟಿಗೆ ಬರೆದಿಟ್ಟುಕೊಂಡ ಮೇಲೆ ಆ ಪತ್ರವನ್ನು ಮೊದಲಿನಂತೆ ಓದಲು ನನ್ನಿಂದಾಗಲಿಲ್ಲ.

ಬರಿಯ ಕಥಾಪ್ರವಾಹಕ್ಕಾಗಿ ಓದುವವರಿಗೆ ಈ ವಿಧಾನ ಒಗ್ಗದು, ಏಕೆಂದರೆ ಒಂದು ಅಧ್ಯಾಯಕ್ಕೆ ವಾರಗಳೇ ಹಿಡಿಯುತ್ತವೆ. ಎರಡನೆಯ ಸಲ ಓದುವವರು, ಅಧ್ಯಾಪಕರು, ಓದುಗ ಬಳಗಗಳನ್ನು ನಡೆಸುವವರು ಬರೋಸ್ ಅವರ ವರದಿ ಮತ್ತು ಪತ್ರಗಳಿಂದ ಆರಂಭಿಸಿ, ಆಮೇಲೆ ಪತ್ರಿಕೆಗಳಿಗೆ ಹೋಗುವುದು ಸೂಕ್ತ.

ಕ್ಯಾಲಿಫೋರ್ನಿಯಾದ ಸಂಗ್ರಹವನ್ನು ಕೊನೆಗೆ ಉಳಿಸಿಕೊಂಡಿದ್ದೆ. ಸ್ವಾಮೀಜಿಯವರ ಎರಡನೆಯ ಅಮೆರಿಕ ಪ್ರವಾಸಕ್ಕೆ ಸಂಬಂಧಿಸಿದಂತೆ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಲಾಸ್ ಏಂಜಲೀಸ್‌ನ ಪತ್ರಿಕೆಗಳು ಅಲ್ಲಿವೆ, ಮತ್ತು ಓದುಗರೇ ಒಸಿಆರ್ ತಪ್ಪುಗಳನ್ನು ತಿದ್ದಲು ಅವಕಾಶವಿದೆ. ಈಗ ನಾನು 1900ರ ವಸಂತದ ಸಂಚಿಕೆಗಳಲ್ಲಿದ್ದೇನೆ. ಅವರ ಹೆಸರು ಕಲಸಿಹೋಗಿರುವ ಸಾಲು ಎದುರಾದಾಗಲೆಲ್ಲ ಪುಟದ ಚಿತ್ರದೊಡನೆ ಹೋಲಿಸಿ, ಒಂದೊಂದೇ ಅಕ್ಷರವಾಗಿ ತಿದ್ದಿ ಮುಂದೆ ಹೋಗುತ್ತಿದ್ದೇನೆ.