ಲಿಫ್ಟ್ ಮಾಡಿದ ಕ್ಯಾಂಪರ್‌ಗೆ ಲಾರಿ ಟ್ಯೂಬಿನ ಪರದೆ: ಎರಡು ಮಳೆಗಾಲದ ನಂತರ

ನಮ್ಮ ಬೊಲೆರೊ ಕ್ಯಾಂಪರ್ ಸೆಕೆಂಡ್ ಹ್ಯಾಂಡ್. ಹಿಂದಿನ ಮಾಲೀಕರು ಚಾಸಿಗೂ ಬಾಡಿಗೂ ನಡುವೆ ಎರಡಿಂಚಿನ ನೈಲಾನ್ ಬ್ಲಾಕ್ ಇಟ್ಟು ಎತ್ತರಿಸಿದ್ದರು. ನೋಡೋಕೆ ಗತ್ತು. ಆದರೆ ಮುಂದಿನ ಚಕ್ರದ ಹಿಂದೆ ಬಗ್ಗಿದರೆ ಸಂದಿಯಲ್ಲಿ ಎಂಜಿನ್ನೇ ಕಾಣುತ್ತದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕದ ನಮ್ಮ ತೋಟದ ದಾರಿಯಲ್ಲಿ ಮಳೆಗಾಲಕ್ಕೆ ಇಳಿದರೆ ಕೆಸರೆಲ್ಲ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮೇಲೆ. ಕಬ್ಬು ಕಟಾವಿನಲ್ಲಿ ಇನ್ನೂ ಕಷ್ಟ. ಒಣ ತರಗು ಒಳಗೆ ನುಗ್ಗಿ ಬಿಸಿ ಸೈಲೆನ್ಸರ್ ಪೈಪಿನ ಹತ್ತಿರ ಕೂರುತ್ತದೆ. ಬೆಂಕಿ ಹತ್ತೋಕೆ ಇನ್ನೇನು ಬೇಕು?

ಹೀಗೆ ಗಾಡಿಯ ಮೂಲ ರೂಪ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಅದಕ್ಕೇ ಈ ಗಾಡಿ ತೋಟಕ್ಕೆ ಮಾತ್ರ.

ಆ ಸಂದಿಗೆ ಅಡ್ಡವಾಗಿ ಹಸು ಮ್ಯಾಟ್ (ಕೊಟ್ಟಿಗೆಯಲ್ಲಿ ಹಾಸುವ ರಬ್ಬರ್) ಹಾಕಿ ಅಂತ ಜಾಸ್ತಿ ಜನ ಹೇಳುತ್ತಾರೆ. ಬೇಡ. ಅದು ಹೆಬ್ಬೆರಳಿನಷ್ಟು ದಪ್ಪ, ಎತ್ತೋಕೇ ಇಬ್ಬರು ಬೇಕು. ನೇತು ಹಾಕಿದರೆ ತನ್ನ ಭಾರಕ್ಕೇ ಕಿತ್ತುಕೊಂಡು ಬರುತ್ತದೆ. ಕೊಟ್ಟಿಗೆಯಲ್ಲೇ ಇರಲಿ.

ಬಾಳಿಕೆ ಬಂದದ್ದು ಹಳೆ ಲಾರಿ ಟ್ಯೂಬ್. ಪಂಕ್ಚರ್ ಅಂಗಡಿಯಲ್ಲಿ ಟೀ ಕಾಸಿಗೆ ಸಿಗುತ್ತದೆ. ಉದ್ದಕ್ಕೆ ಸೀಳಿ, ಸೋಪು ಹಾಕಿ ತೊಳೆದು, ಮೊದಲು ರಟ್ಟಿನಲ್ಲಿ ಅಳತೆ ತೆಗೆದು ಕತ್ತರಿಸಿ. ತೂತು ಮಾತ್ರ ಬ್ಲೇಡಿನಲ್ಲಿ ಗೀರಬೇಡಿ. ಗೀರಿದ ತುದಿಯಿಂದಲೇ ರಬ್ಬರ್ ಹರಿಯುತ್ತಾ ಹೋಗುತ್ತದೆ. ಚಪ್ಪಲಿ ಹೊಲಿಯುವವರ ಹತ್ತಿರ ಪಂಚ್ ಇರುತ್ತದೆ, ಅದರಲ್ಲಿ ದುಂಡಗೆ ಹೊಡೆಸಿ. ಎರಡೂ ಕಡೆ ಅಗಲದ ವಾಷರ್ ಕೊಟ್ಟು, ಬಾಡಿಯಲ್ಲಿ ಮೊದಲೇ ಇರುವ ತೂತುಗಳಿಗೆ ಬೋಲ್ಟ್ ಹಾಕಿ. ಚಾಸಿಗೆ ಡ್ರಿಲ್ ಮುಟ್ಟಿಸಲೇಬೇಡಿ. ಕೇಬಲ್ ಟೈ ಹಾಕುವುದಾದರೆ ಕಪ್ಪು ಬಣ್ಣದ್ದೇ ತನ್ನಿ. ಬಿಳಿಯದು ಬಿಸಿಲಿಗೆ ಗರಿಗರಿಯಾಗಿ ಪಟ್ ಅಂತ ಮುರಿಯುತ್ತದೆ.

ಮುಖ್ಯ ವಿಷಯ ಇಲ್ಲಿದೆ. ಸಂದಿಯನ್ನು ಪೂರ್ತಿ ಮುಚ್ಚಬೇಡಿ. ಎಂಜಿನ್ ಬಿಸಿಗಾಳಿ ಹೊರಗೆ ಹೋಗುವುದಕ್ಕೆ ಅದೂ ಒಂದು ದಾರಿ, ಅಲ್ವಾ? ಮೇಲೆ ಮಾತ್ರ ಬಿಗಿದು ಕೆಳಗೆ ಪರದೆ ಥರ ಬಿಟ್ಟಿದ್ದೇನೆ. ಕೆಸರು ಬಡಿದು ಕೆಳಗೆ ಬೀಳುತ್ತದೆ, ಒಳಗೆ ಸೇರಿದ ನೀರೂ ಇಳಿದು ಹೋಗುತ್ತದೆ. ಫೋಮ್ ಸ್ಪ್ರೇ ಹೊಡೆದು ಗಟ್ಟಿಯಾಗಿ ತುಂಬಿದವರನ್ನು ನೋಡಿದ್ದೇನೆ. ಅದರ ಹಿಂದೆ ತೇವ ನಿಂತು ತಗಡು ತುಕ್ಕು ಹಿಡಿಯುತ್ತದೆ. ಸೈಲೆನ್ಸರ್ ಪೈಪಿನಿಂದ ರಬ್ಬರ್ ಒಂದು ಗೇಣಾದರೂ ದೂರ ಇರಲಿ. ಕೊನೆಗೆ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಟೈರಿಗೆ ಎಲ್ಲೂ ತಾಗುತ್ತಿಲ್ಲ ಅಂತ ನೋಡಿಕೊಳ್ಳಿ.

ಆಲ್ಟರ್ನೇಟರ್ ಈಗ ಬರೀ ಧೂಳು ಹಿಡಿಯುತ್ತದೆ, ಕೆಸರಿಲ್ಲ. ತರಗು ಪೂರ್ತಿ ನಿಂತಿಲ್ಲ, ಕಟಾವಿನ ಸಮಯದಲ್ಲಿ ಬಾನೆಟ್ ಎತ್ತಿ ನೋಡಲೇಬೇಕು. ಇನ್ನೊಂದು ಕೊರತೆ: ಎಣ್ಣೆ ಸೋಕಿದ ಕಡೆ ಟ್ಯೂಬ್ ಊದಿಕೊಂಡು ಮೆತ್ತಗಾಗುತ್ತದೆ. ಆ ತುಂಡನ್ನು ಒಮ್ಮೆ ಬದಲಿಸಿದೆ. ಸುಮ್ನೆ ತಲೆ ಕೆಡಿಸಿಕೊಳ್ಳುವಷ್ಟು ಖರ್ಚಲ್ಲ.

ಗ್ರಿಲ್‌ಗೂ ಬಂಪರಿಗೂ ನಡುವಿನ ಸಂದಿಗೆ ಜಲ್ಲಿ ಕ್ರಷರಿನ ಹಳೆ ಬೆಲ್ಟಿನ ಪಟ್ಟಿ ಹಾಕಿದ್ದೇನೆ. ಒಳಗೆ ಬಟ್ಟೆ ಪದರ ಇರುವುದರಿಂದ ಹರಿಯುವುದಿಲ್ಲ. ಕತ್ತರಿಸುವಷ್ಟರಲ್ಲಿ ಮಾತ್ರ ಕೈ ಬಿದ್ದುಹೋಗುತ್ತದೆ. ನೋಡೋಕೂ ಚೆನ್ನಾಗಿಲ್ಲ. "ಏನ್ ಭಾವ, ಗಾಡಿಗೆ ಲಂಗೋಟಿ ಕಟ್ಟಿದ್ದೀರಾ?" ಅಂತ ನನ್ನ ಭಾವಮೈದ ನಗುತ್ತಾನೆ. ಅವನ ಜೀಪಿಗೂ ರಟ್ಟಿನ ಅಳತೆ ತೆಗೆದಾಗಿದೆ, ಟ್ಯೂಬ್ ತರುವುದು ಬಾಕಿ.