ಮರಳು ತುಂಬಿದ ಕಾಲೇಜ್ ಬ್ಯಾಗ್ ಹೊತ್ತು ಗಿರಿ ಹತ್ತುವ ಮುಂಚೆ

ಸೇನಾ ಭರ್ತಿಗೆ ತಯಾರಾಗುತ್ತಿರುವ ಚಿಕ್ಕಮಗಳೂರು, ಹಾಸನದ ಹುಡುಗರು ದಯವಿಟ್ಟು ಇದನ್ನು ಓದಿ.

ಅರವತ್ತು ಕೆಜಿ ತೂಕದ ಹುಡುಗನೊಬ್ಬ ಹಳೇ ಕಾಲೇಜ್ ಬ್ಯಾಗಿಗೆ 20 ಕೆಜಿ ಮರಳು ತುಂಬಿ, ಮೊದಲ ದಿನವೇ ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಹತ್ತಿದ. ಹತ್ತುವಾಗ ಏನೂ ಅನ್ನಿಸಲಿಲ್ಲ. ಕೆಳಗಿಳಿದಾಗ ಬಲಗೈ ಜೋಮು ಹಿಡಿದು ಟೀ ಲೋಟ ಎತ್ತಲೂ ಆಗುತ್ತಿರಲಿಲ್ಲ. ಆದರೂ ದಿನಾ ಹೊತ್ತ. ಮೂರನೇ ವಾರ ಮೊಣಕಾಲ ಕೆಳಗಿನ ಮೂಳೆ ಬಿರುಕು ಬಿಟ್ಟಿತು, ಸೇನಾ ಭರ್ತಿಯ ರ‍್ಯಾಲಿ ತಪ್ಪಿತು. ಆ ರ‍್ಯಾಲಿಯ ಓಟ 1.6 ಕಿ.ಮೀ., ಬೆನ್ನ ಮೇಲೆ ಯಾವ ಭಾರವೂ ಇಲ್ಲದೆ ಓಡುವಂಥದ್ದು!

ಕೈ ಜೋಮು ಹಿಡಿಯುವುದಕ್ಕೆ ಕಾರಣ ತೆಳು ಪಟ್ಟಿ. ಸೊಂಟದ ಬೆಲ್ಟ್ ಇಲ್ಲದ ಬ್ಯಾಗಿನಲ್ಲಿ ಭಾರವೆಲ್ಲ ಹೆಗಲ ಮೇಲೆ ಬಿದ್ದು, ಕತ್ತಿನಿಂದ ಕೈಗೆ ಇಳಿಯುವ ನರಗಳನ್ನು ಒತ್ತುತ್ತದೆ. ಬೆರಳು ಜುಮ್ಮೆಂದರೆ ಅಲ್ಲೇ ಬ್ಯಾಗ್ ಇಳಿಸಿ. ಹಟ ಹಿಡಿದು ನಡೆದರೆ ಕೈಯ ಶಕ್ತಿ ಮರಳಲು ತಿಂಗಳುಗಳೇ ಬೇಕಾಗಬಹುದು.

ಅಗಲ ಪಟ್ಟಿ, ಸೊಂಟದ ಬೆಲ್ಟ್ ಇರುವ ಟ್ರೆಕ್ಕಿಂಗ್ ಬ್ಯಾಗನ್ನೇ ತಗೊಳ್ಳಿ. ಸಡಿಲ ಮರಳು ತಳಕ್ಕೆ ಜಾರಿ ಹಿಂದಕ್ಕೆ ಎಳೆಯುತ್ತದೆ, ಅದನ್ನು ತಡೆಯಲು ನೀವು ಮುಂದಕ್ಕೆ ಬಾಗುತ್ತೀರಿ, ಸೊಂಟ ಹಿಡಿಯುತ್ತದೆ. ಮರಳನ್ನು ಎರಡು ದಪ್ಪ ಕವರಿಗೆ ಹಾಕಿ, ಟೇಪ್ ಸುತ್ತಿ ಗಟ್ಟಿ ಮಾಡಿ. ಬ್ಯಾಗಿನ ತಳಕ್ಕೆ ಸುತ್ತಿದ ಕಂಬಳಿ ತುರುಕಿ, ಮರಳಿನ ಗಂಟು ಬೆನ್ನಿಗೆ ತಾಗಿ ಹೆಗಲ ಹಿಂದಿನ ಎರಡು ರೆಕ್ಕೆಮೂಳೆಗಳ ನಡುವೆ ಕೂರುವಂತೆ ಇಡಿ.

ಶುರು ಮಾಡುವುದು ದೇಹತೂಕದ ಹತ್ತನೇ ಒಂದು ಭಾಗದಿಂದ. ಅರವತ್ತು ಕೆಜಿಯವರಿಗೆ 6 ಕೆಜಿ, ಸಮತಟ್ಟು ರಸ್ತೆಯಲ್ಲಿ 3 ಕಿ.ಮೀ., ವಾರಕ್ಕೆ ಒಂದೆರಡು ಸಲ ಸಾಕು. ಹದಿನೈದು ದಿನಕ್ಕೊಮ್ಮೆ ಒಂದು ಕೆಜಿ ಏರಿಸಿ. ಭಾರ ಏರಿಸಿದ ವಾರ ದೂರ ಏರಿಸಬೇಡಿ. ಬ್ಯಾಗ್ ಹೊತ್ತು ಓಡಲೇಬೇಡಿ.

ಗಿರಿಗೆ ಹೋಗುವುದಾದರೆ ಮರಳಿನ ಬದಲು ನೀರಿನ ಬಾಟಲಿ ತುಂಬಿ, ಲೀಟರಿಗೆ ಒಂದು ಕೆಜಿ. ಮೊಣಕಾಲಿಗೆ ಹೆಚ್ಚು ಪೆಟ್ಟು ಬೀಳುವುದು ಇಳಿಯುವಾಗ. ಕುಡಿಯಲು ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಮೇಲೆಯೇ ಚೆಲ್ಲಿ, ಹಗುರಾಗಿ ಇಳಿಯಿರಿ. ಮಳೆಗಾಲದಲ್ಲಿ ಒಂದು ಜೊತೆ ಒಣ ಸಾಕ್ಸ್ ಜೊತೆಗಿರಲಿ, ಒದ್ದೆ ಕಾಲಿಗೆ ಬೊಬ್ಬೆ ಬೇಗ ಏಳುತ್ತದೆ.

ಕಾಲಿನ ಮೂಳೆಯ ಮೇಲೆ ಬೆರಳಿಟ್ಟು ಒತ್ತಿ ನೋಡಿ. ಒಂದೇ ಜಾಗದಲ್ಲಿ ಚುಚ್ಚಿದಂತಾದರೆ ತಕ್ಷಣ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ. ಇಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್-ರೇಯಲ್ಲಿ ಕಾಣಿಸದೇ ಇರಬಹುದು. ಎಕ್ಸ್-ರೇ ನಾರ್ಮಲ್ ಬಂತು ಅಂತ ಮಾರನೇ ದಿನವೇ ಬ್ಯಾಗ್ ಹೆಗಲಿಗೇರಿಸಬೇಡಿ. ನೋವು ಹಾಗೇ ಇದ್ದರೆ ಇನ್ನೊಮ್ಮೆ ಹೋಗಿ ತೋರಿಸಿ.